ಒಂದು ಲೋಟ ಹಾಲಿಗೆ ಮೊದಲು

ಲಕ್ವ ಹೊಡೆದವರನ್ನು ಕರೆತಂದ ಮನೆಯವರು ಮೊದಲು ಕೇಳುವುದು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಂದು ಲೋಟ ಹಾಲು ಕೊಡಲೇ?" ಎಂದು. ಸಿಸ್ಟರ್ ಬೇಡವೆಂದರೆ ಕೋಪ ಬರುತ್ತದೆ. ನಿಮ್ಮ ಸಂಕಟ ನಮಗೂ ಗೊತ್ತು. ಆದರೆ ಪಾರ್ಶ್ವವಾಯುವಿನಲ್ಲಿ ಕೈಕಾಲಿನಂತೆ ಗಂಟಲೂ ಸೋಲಬಹುದು. ಆಗ ಹಾಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮು ಸಹ ಬರುವುದಿಲ್ಲ, ಅದೇ ಹೆಚ್ಚಿನ ಭಯ.

ಇದರ ಮೊದಲ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ, ತರಬೇತಿ ಪಡೆದ ದಾದಿ ಸಾಕು. ರೋಗಿಗೆ ಎಚ್ಚರವಿದ್ದರೆ ನೆಟ್ಟಗೆ ಕೂರಿಸಿ, ಚಮಚದಲ್ಲಿ ನೀರು ಕೊಟ್ಟು, ಕೆಮ್ಮು ಬಂತೇ, ದನಿ ಗೊರಗೊರ ಎಂದಿತೇ ಎಂದು ಗಮನಿಸುತ್ತಾರೆ. ಅನುಮಾನ ಬಂದರೆ ನುಂಗುವಿಕೆಯ ತಜ್ಞರಿಗೆ ತಿಳಿಸುತ್ತಾರೆ.

ಆಸ್ಟ್ರೇಲಿಯಾದ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಜ್ವರ, ಸಕ್ಕರೆ, ನುಂಗುವಿಕೆ ಈ ಮೂರರ ಬಗ್ಗೆ ದಾದಿಯರಿಗೆ ಕಲಿಸಿದ ಘಟಕಗಳಲ್ಲಿ, 90 ದಿನಗಳ ನಂತರ ತೀರಿಕೊಂಡವರು ಅಥವಾ ಪರರ ಆಸರೆಗೆ ಬಿದ್ದವರು 100ಕ್ಕೆ 42, ಉಳಿದೆಡೆ 58.

ಆದ್ದರಿಂದ ಸಿಸ್ಟರ್ ಹೇಳುವವರೆಗೆ ಫ್ಲಾಸ್ಕಿನ ಕಾಫಿ, ಎಳನೀರು, ಮಾತ್ರೆ, ತೀರ್ಥವೂ ಬೇಡ. ಹೌದು, ಮಾತ್ರೆಯೂ ಬೇಡ. ಬಾಯಿ ಒಣಗಿದ್ದರೆ ಅವರನ್ನೇ ಕರೆಯಿರಿ, ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾರೆ.