ಬೆಳಕು ಬೆರೆತ ಕಂಪನದ ಆಯಸ್ಸು



ಇವತ್ತಿನ ಮಾತಿಗೆ ಒಂದೇ ಒಂದು ಹರಳನ್ನು ಆರಿಸಿಕೊಂಡಿದ್ದೇನೆ: ಗ್ಯಾಲಿಯಂ ಫಾಸ್ಫೈಡ್. ಕಿತ್ತಳೆ ಬಣ್ಣದ, ಪಾರದರ್ಶಕವಾದ ಅರೆವಾಹಕ ಇದು. ಹಳೆಯ ಉಪಕರಣಗಳಲ್ಲಿ ಉರಿಯುತ್ತಿದ್ದ ಕೆಂಪು, ಹಸಿರು ಎಲ್‌ಇಡಿಗಳಲ್ಲಿ ಅನೇಕವು ಇದರಿಂದಲೇ ಆದವು.

ಈ ಹರಳಿನೊಳಗೆ ಗ್ಯಾಲಿಯಂ ಪರಮಾಣುವಿನ ಮೇಲೆ ತುಸು ಧನ ವಿದ್ಯುದಂಶ, ಫಾಸ್ಫರಸ್ ಮೇಲೆ ಅಷ್ಟೇ ಋಣ. ಎರಡೂ ಒಂದಕ್ಕೊಂದು ಎದುರಾಗಿ ಸೆಕೆಂಡಿಗೆ ಸುಮಾರು 11 ಲಕ್ಷ ಕೋಟಿ ಸಲ ಕಂಪಿಸುತ್ತವೆ. ವಿದ್ಯುದಂಶಗಳು ಹೀಗೆ ಓಲಾಡಿದರೆ ಅದೇ ಆವೃತ್ತಿಯ ಅವಕೆಂಪು ಬೆಳಕು ಅವುಗಳೊಡನೆ ಸೇರಿಕೊಳ್ಳದೆ ಇರದು. ಪಂಚಮಿಯಲ್ಲಿ ಒಂದೇ ಕೊಂಬೆಗೆ ಕಟ್ಟಿದ ಎರಡು ಜೋಕಾಲಿಗಳು ಕೊಂಬೆಯ ಮೂಲಕ ಒಂದರ ತೂಗನ್ನು ಇನ್ನೊಂದಕ್ಕೆ ಕೊಟ್ಟು ತೆಗೆದುಕೊಳ್ಳುತ್ತವಲ್ಲ, ಹಾಗೆ. ಆಗ ಹರಳಿನಲ್ಲಿ ಸಾಗುವುದು ಬರೀ ಬೆಳಕೂ ಅಲ್ಲ, ಬರೀ ಕಂಪನವೂ ಅಲ್ಲ. ಎರಡೂ ಬೆರೆತ ಒಂದು ಅಲೆ. ಚೀನಾದ ಭೌತವಿಜ್ಞಾನಿ ಹುವಾಂಗ್ ಕುನ್ 1951ರಲ್ಲಿ ಇದರ ಸಮೀಕರಣಗಳನ್ನು ಬರೆದರು. ಇಂಥ ಬೆರಕೆ ಅಲೆಗಳಿಗೆ 1958ರಲ್ಲಿ ಪೋಲಾರಿಟಾನ್ ಎಂದು ಹೆಸರಿಟ್ಟವರು ಜಾನ್ ಹಾಪ್‌ಫೀಲ್ಡ್. 2024ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡವರು ಅವರೇ.

ಅದನ್ನು ಕಂಡದ್ದು ಹೇಗೆ? 1965ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಹೆನ್ರಿ ಮತ್ತು ಹಾಪ್‌ಫೀಲ್ಡ್ ಈ ಹರಳಿನ ಮೂಲಕ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಕಿರಣ ಹಾಯಿಸಿ, ಬಹುತೇಕ ನೇರ ದಿಕ್ಕಿನಲ್ಲೇ ಚದುರಿ ಬಂದ ಬೆಳಕನ್ನು ಪರೀಕ್ಷಿಸಿದರು. ಬಳಸಿದ ಸಾಧನ ನಮ್ಮ ರಾಮನ್ ಪರಿಣಾಮ: ಚದುರಿದ ಬೆಳಕಿನ ಆವೃತ್ತಿ ಎಷ್ಟು ಬದಲಾಗಿದೆಯೋ ಅದೇ ಕಂಪನದ ಆವೃತ್ತಿ. ಚದುರುವ ಕೋನ ಕಿರಿದಾದಷ್ಟೂ ಕಂಪನದ ಆವೃತ್ತಿ ತನ್ನ ನಿಗದಿತ ಜಾಗದಿಂದ ಕೆಳಗಿಳಿಯಿತು. ಕಂಪನದೊಳಗೆ ಬೆಳಕಿನ ಪಾಲು ಹೆಚ್ಚುತ್ತಿರುವುದು ಕಣ್ಣಿಗೆ ಕಂಡಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಅಲೆ ಸಾಯುವುದು ಹೇಗೆ?

ಪರಮಾಣುಗಳ ನಡುವಿನ ಬಂಧ ಎಳೆದಷ್ಟೇ ಸಲೀಸಾಗಿ ಒತ್ತಲೂ ಬರುವ ಆದರ್ಶ ಸ್ಪ್ರಿಂಗ್ ಆಗಿದ್ದರೆ, ಕುಂದುಕೊರತೆಯಿಲ್ಲದ ಹರಳಿನಲ್ಲಿ ಕಂಪನ ಎಂದಿಗೂ ಅಳಿಯುತ್ತಿರಲಿಲ್ಲ. ನಿಜವಾದ ಬಂಧ ಹಾಗಿಲ್ಲ. ಒತ್ತಿದರೆ ಬಿರುಸು, ಎಳೆದರೆ ಸಡಿಲ. ಈ ಅಸಮತೆಯಿಂದಾಗಿ ಒಂದು ಕಂಪನ ಒಡೆದು ಎರಡಾಗಬಲ್ಲದು. ಆದರೆ ಲೆಕ್ಕ ತಪ್ಪುವಂತಿಲ್ಲ. ಹುಟ್ಟಿದ ಎರಡರ ಆವೃತ್ತಿಗಳ ಮೊತ್ತ ಮೂಲ ಆವೃತ್ತಿಗೆ ಸಮನಾಗಬೇಕು, ಸಂವೇಗವೂ ಉಳಿಯಬೇಕು. ಬೆಳಕು ಬೆರೆತ ಅಲೆಯ ಸಂವೇಗ ಹರಳಿನ ಅಳತೆಯಲ್ಲಿ ಸೊನ್ನೆಗೆ ತೀರ ಹತ್ತಿರ. ಹಾಗಾಗಿ ಹುಟ್ಟಿದವೆರಡೂ ವಿರುದ್ಧ ದಿಕ್ಕಿಗೆ ಓಡುತ್ತವೆ, ಧ್ವನಿಯ ಜಾತಿಯ ಕಂಪನಗಳಾಗಿ. ಈ ದಾರಿಯನ್ನು ಭೌತವಿಜ್ಞಾನಿ ಕ್ಲೆಮೆನ್ಸ್ 1966ರಲ್ಲಿ ವಿವರಿಸಿದರು.

ಒಡೆಯುವುದು ಅಲೆಯಲ್ಲಿರುವ ಪರಮಾಣುಗಳ ಪಾಲು. ಬೆಳಕಿನ ಪಾಲು ಹೆಚ್ಚಿದಂತೆ ಈ ಬಗೆಯ ಕ್ಷಯ ತಗ್ಗಬೇಕು. ಆದರೆ ಇಳಿಕೆ ಸರಾಗವಲ್ಲ. ಒಂದೊಂದು ಆವೃತ್ತಿಯಲ್ಲೂ ಲೆಕ್ಕಕ್ಕೆ ಹೊಂದುವ ಜೋಡಿಗಳು ಎಷ್ಟಿವೆ ಎಂಬುದರ ಮೇಲೆ ಆಯಸ್ಸು ಏರಿಳಿಯುತ್ತದೆ. ಗ್ಯಾಲಿಯಂ ಫಾಸ್ಫೈಡಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲೆ ಸಾಗುವ ದಿಕ್ಕಿಗೆ ಅಡ್ಡಲಾಗಿ ಪರಮಾಣುಗಳು ಓಲಾಡುವ ಕಂಪನದ ಬಳಿ ಇಂಥ ಜೋಡಿಗಳ ದಟ್ಟಣೆಯಿದೆ. ಅದರ ರೋಹಿತ ರೇಖೆ ಅಗಲವಾಗಿ, ಒಂದು ಕಡೆಗೆ ವಾಲಿಕೊಂಡಿದೆ. ರೇಖೆ ಅಗಲವಾದಷ್ಟೂ ಆಯಸ್ಸು ಕಡಿಮೆ. ಬೆಳಕಿನೊಡನೆ ಬೆರೆಯದ, ಸಾಗುವ ದಿಕ್ಕಿನಲ್ಲೇ ಓಲಾಡುವ ಕಂಪನದ ರೇಖೆ ತೆಳುವಾಗಿದೆ. ಕಡುತಣ್ಣಗಿನ ಹರಳಿನಲ್ಲಿ ಅದು ಸುಮಾರು 26 ಪಿಕೊಸೆಕೆಂಡ್ ಬಾಳುತ್ತದೆ. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಆ 26 ಪಿಕೊಸೆಕೆಂಡುಗಳಲ್ಲೇ ಸುಮಾರು ಮುನ್ನೂರು ಸಲ ಕಂಪಿಸಿ ಮುಗಿಸಿರುತ್ತದೆ! ಹರಳು ಬೆಚ್ಚಗಾದರೆ ಆಯಸ್ಸು ಇನ್ನೂ ಕಡಿಮೆ, ಏಕೆಂದರೆ ಮೊದಲೇ ಓಡಾಡುತ್ತಿರುವ ಶಾಖದ ಕಂಪನಗಳು ಒಡೆತವನ್ನು ಚುರುಕುಗೊಳಿಸುತ್ತವೆ. ಪರಮ ಶೂನ್ಯದಲ್ಲೂ ಒಡೆತ ಪೂರ್ತಿ ನಿಲ್ಲುವುದಿಲ್ಲ.

ಇಲ್ಲಿ ಬೆಂಗಳೂರಿನ ಒಂದು ಪ್ರಸಂಗ ಹೇಳಲೇಬೇಕು. ರಾಮನ್ ಅವರ ಆಹ್ವಾನದ ಮೇರೆಗೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಮುಂದೆ 1940ರ ದಶಕದಲ್ಲಿ ಇಬ್ಬರಿಗೂ ಹರಳಿನ ಕಂಪನಗಳ ವಿಷಯದಲ್ಲೇ ದೊಡ್ಡ ವಾದ ನಡೆಯಿತು. ಹರಳಿಗೆ ಇರುವುದು ಬಿಡಿಬಿಡಿಯಾದ ಕೆಲವೇ ಆವೃತ್ತಿಗಳೆಂದರು ರಾಮನ್. ಒತ್ತೊತ್ತಾಗಿ ಹಬ್ಬಿದ ಅಸಂಖ್ಯ ಆವೃತ್ತಿಗಳೆಂದರು ಬಾರ್ನ್. ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪಕ್ಷವನ್ನು ಎತ್ತಿಹಿಡಿದವು. ಕಂಪನಗಳ ಕ್ಷಯ ಹೇಳುವುದೂ ಅದನ್ನೇ. ಆವೃತ್ತಿಗಳು ಬೆರಳೆಣಿಕೆಯಷ್ಟಿದ್ದರೆ ಹೋದ ಶಕ್ತಿ ಮತ್ತೆ ಮತ್ತೆ ಹಿಂದಿರುಗುತ್ತಿತ್ತು. ಅದು ಮರಳದೆ ಕರಗುವುದು ಅಸಂಖ್ಯ ಜೋಡಿಗಳಲ್ಲಿ ಹಂಚಿಹೋಗುವುದರಿಂದ. ಆ ವಾದದಲ್ಲಿ ರಾಮನ್ ಸೋತಿರಬಹುದು. ಆದರೆ ಈ ಸತ್ಯವನ್ನು ರೋಹಿತ ರೇಖೆಯ ಅಗಲದಲ್ಲಿ ಓದಲು ನಮಗೆ ಕಣ್ಣು ಕೊಟ್ಟದ್ದು ಅವರ ಪರಿಣಾಮವೇ. ಇದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಇದರಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಇಂಥ ಅರೆವಾಹಕಗಳ ಚಿಪ್‌ಗಳಲ್ಲಿ ಕಾದ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಮೊದಲು ಸುರಿಯುವುದು ಎದುರುಬದುರಾಗಿ ಓಲಾಡುವ ಈ ಕಂಪನಗಳಿಗೇ. ಅವು ಹೆಚ್ಚು ದೂರ ಸಾಗಲಾರವು. ಒಡೆದು ಧ್ವನಿಯ ಕಂಪನಗಳಾದರೆ ಮಾತ್ರ ಶಾಖ ಹೊರಗೆ ಹೋದೀತು. ಅಲ್ಲಿ ಕ್ಷಯ ಬೇಗ ಆಗಬೇಕು. ಅವಕೆಂಪು ಬೆಳಕನ್ನು ಅತಿ ಸಣ್ಣ ಜಾಗದಲ್ಲಿ ಸಾಗಿಸಬೇಕಾದಲ್ಲಿ ತಡವಾಗಿ ಆಗಬೇಕು. ಬೋರಾನ್ ನೈಟ್ರೈಡಿನಲ್ಲಿ ಬೋರಾನಿನ ಎರಡು ಐಸೊಟೋಪುಗಳ ಬೆರಕೆ ತಪ್ಪಿಸಿ ಒಂದನ್ನೇ ಉಳಿಸಿಕೊಂಡಾಗ ಇಂಥ ಅಲೆಗಳ ಆಯಸ್ಸು ಹೆಚ್ಚಿದ್ದನ್ನು 2018ರಲ್ಲಿ ತೋರಿಸಲಾಯಿತು. ಕ್ಷಯ ಬರೀ ನಷ್ಟವಲ್ಲ, ಅದೊಂದು ಹಸ್ತಾಂತರ. ಯಾರಿಂದ ಯಾರಿಗೆ, ಎಷ್ಟು ಹೊತ್ತಿನಲ್ಲಿ ಎಂದು ತಿಳಿದರೆ ಅದನ್ನು ನಮಗೆ ಬೇಕಾದಂತೆ ತಿದ್ದಲೂ ಬರುತ್ತದೆ. ಭೌತಶಾಸ್ತ್ರ ಓದುತ್ತಿರುವ ಮಕ್ಕಳು ಈ ಸಭೆಯಲ್ಲಿದ್ದೀರಿ. ಮಾಡಬೇಕಾದ ಕೆಲಸ ಇಲ್ಲಿ ಇನ್ನೂ ಬೇಕಾದಷ್ಟಿದೆ, ಬನ್ನಿ.