ಸವಾರಿಯ ಆನೆ ಎಲ್ಲಿಂದ ಬಂದಿತು?



ಥಾಯ್ಲೆಂಡ್ ಪ್ರವಾಸ ಮುಗಿಸಿ ಬಂದವರ ಚಿತ್ರಗಳಲ್ಲಿ ಆನೆ ಇದ್ದೇ ಇರುತ್ತದೆ. ಬೆನ್ನ ಮೇಲೆ ಪೀಠ, ಪೀಠದಲ್ಲಿ ಇಬ್ಬರು, ಕೊರಳ ಮೇಲೆ ಮಾವುತ. ಆ ಆನೆ ಅಲ್ಲಿಗೆ ಬಂದ ಬಗೆ ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ಆ ದೇಶದ ಕಾಡಿನ ಚರಿತ್ರೆಯಲ್ಲಿ ಹುಡುಕಬೇಕು.

ಥಾಯ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ತೇಗದ ದಿಮ್ಮಿಗಳನ್ನು ಎಳೆಯುವುದು ಸಾಕಾನೆಗಳ ಮುಖ್ಯ ಕೆಲಸವಾಗಿತ್ತು. 1988ರ ನವೆಂಬರಿನಲ್ಲಿ ದಕ್ಷಿಣದ ನಖೋನ್ ಸಿ ಥಮ್ಮರಾತ್ ಪ್ರಾಂತದಲ್ಲಿ ಭಾರಿ ಮಳೆ ಸುರಿಯಿತು. ಕಾಡು ಕಡಿದು ರಬ್ಬರ್ ನೆಟ್ಟಿದ್ದ ಇಳಿಜಾರುಗಳು ಕುಸಿದವು. ಕೆಸರು ಮತ್ತು ಮರದ ದಿಮ್ಮಿಗಳು ಹಳ್ಳಿಗಳ ಮೇಲೆ ಹರಿದವು. ನೂರಾರು ಜನರು ಸತ್ತರು. ಜನರ ಆಕ್ರೋಶಕ್ಕೆ ಮಣಿದ ಸರ್ಕಾರವು 1989ರ ಜನವರಿಯಲ್ಲಿ ನೈಸರ್ಗಿಕ ಅರಣ್ಯಗಳಲ್ಲಿ ನಾಟಾ ಕಡಿತವನ್ನು ನಿಷೇಧಿಸಿತು. ಬೆಟ್ಟದ ಮಣ್ಣನ್ನು ಹಿಡಿದಿಡುವುದು ಬೇರು ಎಂಬುದನ್ನು ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಷೇಧ ನ್ಯಾಯವಾದುದೇ. ಆದರೆ ಆನೆಗಳೂ ಮಾವುತರೂ ಒಮ್ಮೆಲೇ ನಿರುದ್ಯೋಗಿಗಳಾದರು. ಮರಳಿ ಹೋಗಲು ಸಾಕಷ್ಟು ಕಾಡು ಉಳಿದಿರಲಿಲ್ಲ. ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಡುವ ಪ್ರಾಣಿಯನ್ನು ಸಾಕುವುದೆಂತು? ಕೆಲವರು ಆನೆಯೊಡನೆ ನಗರದ ಬೀದಿಗಳಲ್ಲಿ ಭಿಕ್ಷೆಗೆ ನಿಂತರು. ಹಲವರು ಪ್ರವಾಸಿ ಶಿಬಿರಗಳನ್ನು ಸೇರಿದರು.

ಅಲ್ಲಿಂದ ವ್ಯಾಪಾರ ಬೆಳೆಯಿತು. ಅಪರಿಚಿತರನ್ನು ಹೊರಲು, ಆಟ ತೋರಿಸಲು ಮರಿಯನ್ನು ಚಿಕ್ಕಂದಿನಲ್ಲೇ ತಾಯಿಯಿಂದ ಅಗಲಿಸಿ, ಕಟ್ಟಿಹಾಕಿ, ಅಂಕುಶದ ಭಯದಿಂದ ಪಳಗಿಸುವ ಕ್ರಮ ಮುಂದುವರಿಯಿತು. ಪ್ರೇಕ್ಷಕರಿಗೆ ಕಾಣುವುದು ಆನೆಯ ಸೌಮ್ಯತೆ ಮಾತ್ರ. ಅದರ ಬೆಲೆ ಕಾಣುವುದಿಲ್ಲ.

ಹೆಸರನ್ನು ನಂಬುವಂತೆಯೂ ಇಲ್ಲ. ಕಾಂಚನಬುರಿಯ ‘ಹುಲಿ ದೇವಾಲಯ’ದಲ್ಲಿ ಪ್ರವಾಸಿಗರು ಹುಲಿಯ ಪಕ್ಕದಲ್ಲಿ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. 2016ರಲ್ಲಿ ಅಧಿಕಾರಿಗಳು ಶೋಧಿಸಿದಾಗ ಶೈತ್ಯಪೆಟ್ಟಿಗೆಯಲ್ಲಿ 40 ಮರಿಗಳ ಕಳೇಬರಗಳು ಸಿಕ್ಕವು. ಅಲ್ಲಿಂದ ಸ್ಥಳಾಂತರಿಸಿದ 147 ಹುಲಿಗಳಲ್ಲಿ 86 ಹುಲಿಗಳು 2019ರ ವೇಳೆಗೆ ಸರ್ಕಾರದ ಆಶ್ರಯದಲ್ಲೇ ಸತ್ತವು. ಒಳಸಂತಾನದಿಂದ ಅವುಗಳ ರೋಗನಿರೋಧಕ ಶಕ್ತಿ ಕುಗ್ಗಿತ್ತೆಂದು ಅಧಿಕಾರಿಗಳು ಹೇಳಿದರು. ತಪ್ಪಾಗಿ ಸಾಕಿದ ಪ್ರಾಣಿಯನ್ನು ಬಿಡಿಸಿದ ಮಾತ್ರಕ್ಕೆ ಅದು ಬದುಕುವುದಿಲ್ಲ.

ಹಾಗಾದರೆ ಪ್ರವಾಸಿಗರು ದೂರವಿದ್ದರೆ ಸಾಕೇ? 2020ರಲ್ಲಿ ಕೊರೋನಾದಿಂದ ಶಿಬಿರಗಳು ಮುಚ್ಚಿದವು. ಚಿಯಾಂಗ್ ಮಾಯ್ ಸುತ್ತಿನ ನೂರಕ್ಕೂ ಹೆಚ್ಚು ಆನೆಗಳನ್ನು ಮಾವುತರು ಬೆಟ್ಟದ ಕರೆನ್ ಹಳ್ಳಿಗಳಿಗೆ ನಡೆಸಿಕೊಂಡು ಹೋದರು. ಅಲ್ಲಿ ಹಸಿರು ಮೇವು ದೊರೆಯಿತು, ಆದಾಯ ದೊರೆಯಲಿಲ್ಲ. ಪ್ರವಾಸಿಗನ ಹಣವೇ ಸಂಕೋಲೆ. ಅದೇ ಹಣ ಅನ್ನವೂ ಹೌದು. ಆದ್ದರಿಂದ ಹಣ ಯಾವ ಬಗೆಯ ಶಿಬಿರವನ್ನು ಸಾಕುತ್ತದೆ ಎಂಬುದೇ ಪ್ರಶ್ನೆ.

ವಿದ್ಯಾರ್ಥಿಗಳು ಎಲ್ಲಿಗೆ ಹೋದರೂ ನಾಲ್ಕು ಸಂಗತಿಗಳನ್ನು ವಿಚಾರಿಸಲಿ. ಪ್ರಾಣಿಯ ದಿನಚರಿಯನ್ನು ನಿರ್ಧರಿಸುವುದು ಅದರ ಹಸಿವು-ನಿದ್ರೆಗಳೋ, ಟಿಕೆಟ್ಟಿನ ವೇಳೆಯೋ? ಅದು ಜನರಿಂದ ದೂರ ಸರಿಯಬಯಸಿದರೆ ಸರಿಯಬಲ್ಲುದೇ? ಮರಿಗಳು ಎಲ್ಲಿಂದ ಬಂದವು? ಮಾವುತನಿಗೆ ತಕ್ಕ ಸಂಬಳವಿದೆಯೇ? ಮುಟ್ಟುವುದು, ಏರುವುದು, ಮೀಯಿಸುವುದು ಟಿಕೆಟ್ಟಿನ ಹಕ್ಕಾಗಿರುವ ಸ್ಥಳಕ್ಕಿಂತ ದೂರದಿಂದ ನೋಡಲು ಬಿಡುವ ಸ್ಥಳ ಮೇಲು.

ಇವೇ ಪ್ರಶ್ನೆಗಳನ್ನು ದುಬಾರೆಯಲ್ಲಿಯೂ ಸಕ್ರೆಬೈಲಿನಲ್ಲಿಯೂ ಕೇಳಬಹುದು. ಕಾಡು ಇರುವಾಗ ಆನೆ ಯಾರ ಮುಂದೆಯೂ ಕೈಯೊಡ್ಡುವುದಿಲ್ಲ. ಶಿಬಿರದ ಸುಧಾರಣೆ ಅಗತ್ಯವೇ ಸರಿ. ಅದಕ್ಕೂ ಮೊದಲಿನ ಕೆಲಸ, ಉಳಿದಿರುವ ಕಾಡನ್ನು ಉಳಿಸಿಕೊಳ್ಳುವುದು. ಆ ಕೆಲಸ ಬೆಟ್ಟದ ಹಳ್ಳಿಗಳ ಕೈಯಲ್ಲಿದೆ.