ಕಡೆದ ಮರಕ್ಕೆ ಮೆರುಗು ಯಾವಾಗ?

(ಕೆರೆಕಟ್ಟೆಯ ಕಸುಬುದಾರರಿಗಾಗಿ ಮಾಡಿದ ಭಾಷಣ)



ತಮ್ಮೂರಿನ ಸುತ್ತಲಿನ ಕಾಡು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಅಲ್ಲಿಂದ ಒಂದು ಕೋಲನ್ನೂ ಕಡಿದು ತರುವಂತಿಲ್ಲ. ತೋಟದಲ್ಲಿ ಮುರಿದು ಬಿದ್ದ ಹಲಸಿನ ಕೊಂಬೆಯೇ ಕಡೆತದ ಕೆಲಸಕ್ಕೆ ಬಂಡವಾಳ. ಅಂಥ ಮರವನ್ನು ಬಟ್ಟಲಾಗಿಯೋ ತೊಟ್ಟಿಲ ಕಾಲಾಗಿಯೋ ಕಡೆದು, ಕೊನೆಗೆ ಮೆರುಗು ಕೊಡುವಾಗ ಕೆಡಿಸಿಕೊಂಡರೆ ಮರವೂ ಹೋಯಿತು, ಕೂಲಿಯೂ ಹೋಯಿತು.

ಮೆರುಗಿನ ಹೊತ್ತು ಯಾವುದೆಂಬುದು ತಾವು ಬಳಿಯುವ ವಸ್ತುವಿನ ಮೇಲೆ ನಿಂತಿದೆ. ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ನೋಡಿ. ಅವರು ಹಾಲೆ ಮರವನ್ನು (ಮಲೆನಾಡಿನ ಏಳೆಲೆಯ ಹಾಲೆಯಲ್ಲ, ಅದು ಬೇರೆ ಜಾತಿ) ಚೆನ್ನಾಗಿ ಒಣಗಿಸಿ ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಬಿಸಿ ಆರುವ ಮೊದಲೇ ತಾಳೆಯ ಅಥವಾ ಕೇದಗೆಯ ಗರಿಯನ್ನು ಒತ್ತಿಹಿಡಿದು, ಅರಗನ್ನು ಸಮನಾಗಿ ಹರಡಿ ಹೊಳಪು ತರುತ್ತಾರೆ. ವಸ್ತುವನ್ನು ಯಂತ್ರದಿಂದ ಬಿಡಿಸುವುದು ಆ ಮೇಲೆ. ಅರಗಿನ ಕೆಲಸದಲ್ಲಿ ತಡಮಾಡಕೂಡದು.

ಎಣ್ಣೆಯ ಸಂಗತಿ ಇದಕ್ಕೆ ತೀರ ವಿರುದ್ಧ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಇದಕ್ಕೆ ದಿನಗಳೇ ಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿಯಾಗಿರುವಾಗ ತಿಕ್ಕಿದರೆ ಪದರ ಮೆತ್ತಗಾಗಿ ಗೀರು ಬೀಳುತ್ತದೆ, ಧೂಳು ಅಂಟುತ್ತದೆ. ಆದುದರಿಂದ ವಸ್ತುವಿನ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಉಗುರೊತ್ತಿ ನೋಡಿ. ಗುರುತು ಮೂಡಿದರೆ, ಬೆರಳಿಗೆ ಅಂಟಿದರೆ, ಎಣ್ಣೆಯ ವಾಸನೆ ಇನ್ನೂ ಬಲವಾಗಿದ್ದರೆ ಕಾಯಬೇಕು. ಗಿರಾಕಿ ನಾಳೆಯೇ ಬೇಕೆಂದರೂ ಕಾಯಬೇಕು.

ಅಂಗಡಿಯಲ್ಲಿ ಫ್ರೆಂಚ್ ಪಾಲಿಶ್ ಎಂದು ಕೊಡುವುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಅದು ಮುಟ್ಟಿದರೆ ಅಂಟದಷ್ಟು ಬೇಗ ಆರುತ್ತದೆ. ಒಳಗೆ ಗಟ್ಟಿಯಾಗಲು ಅದಕ್ಕೂ ಸಮಯ ಬೇಕು. ಆಷಾಢದ ತೇವದ ಗಾಳಿಯಲ್ಲಿ ಬಳಿದರೆ ಮೇಲೆ ಬಿಳಿ ಮಂಜು ಹಿಡಿದಂತಾಗುತ್ತದೆ. ಈ ಕೆಲಸವನ್ನು ಮಾಗಿಯ ಬಿಸಿಲಿಗೆ ಇಟ್ಟುಕೊಳ್ಳುವುದೇ ಲೇಸು. ಬೇಗ ಆರಲೆಂದು ಒಲೆಯ ಬಳಿ ಇಡಬೇಡಿ: ಸ್ಪಿರಿಟ್ ಬೆಂಕಿಗೆ ತುತ್ತು, ಮರವೂ ಸೀಳೀತು.

ಜೇನುಮೇಣ ಹಚ್ಚುವವರು ಅದನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚತಕ್ಕದ್ದು. ಮೇಣದ ಮೇಲೆ ಮತ್ತಾವುದೂ ನೆಟ್ಟಗೆ ಹತ್ತದು.

ಇನ್ನೆರಡು ಮಾತು. ತಿರುಗುವ ಮರಕ್ಕೆ ಮೆರುಗು ಕೊಡುವಾಗ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಕೂಡದು. ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಅದನ್ನು ಬಿಡಿಸಿ, ಕೊಟ್ಟಿಗೆಯ ಹುಲ್ಲಿನಿಂದ ದೂರ, ಹೊರಗೆ ಹರವಿ ಒಣಹಾಕಿ.